ಬಾರ್ಬೆಲ್‌ಗೆ ಯಾವ ರಿಗ್, ಎಷ್ಟುದ್ದ ತುಂಡು ದಾರ?

ಪ್ರಶ್ನೆ: ನಾನು ಟಿ. ನರಸೀಪುರದ ಕಡೆಯವನು. ಚಿಕ್ಕಂದಿನಲ್ಲಿ ಸೋದರಮಾವನ ಜೊತೆ ಕಾವೇರಿಯಲ್ಲಿ ಗಾಳ ಹಾಕಿ ಬೆಳೆದವನು. ಮೂರು ವರ್ಷದಿಂದ ಇಂಗ್ಲೆಂಡಿನ ವೂಸ್ಟರ್‌ನಲ್ಲಿ ಕೆಲಸ. ಲೈಸೆನ್ಸ್, ಕ್ಲಬ್ ಕಾರ್ಡ್ ಎಲ್ಲ ಮಾಡಿಸಿಕೊಂಡು ಸೆವರ್ನ್ ಮತ್ತು ಟೀಮ್ ನದಿಗಳಲ್ಲಿ ಬಾರ್ಬೆಲ್ ಎಂಬ ಮೀನು ಹಿಡಿಯಲು ಹೋಗುತ್ತೇನೆ. ಕಳೆದ ಸೀಸನ್ ಪೂರ್ತಿ ಸಿಕ್ಕಿದ್ದು ಎರಡೇ ಮೀನು. ಕೋಲಿನ ತುದಿ ತಟತಟ ಅಲ್ಲಾಡುತ್ತದೆ, ಎಳೆದರೆ ಏನೂ ಇರುವುದಿಲ್ಲ. ಒಬ್ಬರು ಹುಕ್‌ಲೆಂಗ್ತ್ ಆರು ಇಂಚು ಇದ್ದರೆ ಸಾಕು ಎಂದರು. ಇನ್ನೊಬ್ಬರು ಐದು ಅಡಿಗೆ ಕಡಿಮೆ ಬೇಡ ಎಂದರು. ಅಂಗಡಿಗೆ ಹೋದರೆ ಹತ್ತು ಥರದ ರಿಗ್ (ದಾರ, ಸೀಸ, ಗಾಳ ಜೋಡಿಸಿದ ಸೆಟ್ಟು) ನೇತು ಹಾಕಿದ್ದಾರೆ. ಯಾವುದನ್ನು ನಂಬಲಿ? ಹಾಗೇ, ನಮ್ಮ ರಾಗಿ ಹಿಟ್ಟಿನ ಉಂಡೆ ಇಲ್ಲಿ ನಡೆಯುತ್ತದಾ? ಸಿಕ್ಕಿದ ಮೀನನ್ನು ಮನೆಗೆ ತರಬಹುದಾ ಅಂತ ಮನೆಯವರೂ ಕೇಳುತ್ತಿದ್ದಾರೆ.

ಉತ್ತರ: ಇಬ್ಬರೂ ನಿಮಗೆ ಸುಳ್ಳು ಹೇಳಿಲ್ಲ. ಆರು ಇಂಚಿನವರು ಬಹುಶಃ ಮಳೆಗಾಲದ ಕದಡಿದ ನೀರಿನಲ್ಲಿ ಮೀನು ಹಿಡಿದವರು. ಐದು ಅಡಿಯವರು ಜುಲೈ ತಿಂಗಳ ತಿಳಿನೀರಿನಲ್ಲಿ ಹಿಡಿದವರು. ತಮ್ಮ ತಮ್ಮ ಅಳತೆ ಹೇಳಿದರು, ಅವತ್ತು ನೀರು ಹೇಗಿತ್ತು ಅಂತ ಹೇಳಲಿಲ್ಲ, ಅಷ್ಟೇ. ಹುಕ್‌ಲೆಂಗ್ತ್ ಅಂದರೆ ಸೀಸದಿಂದ ಗಾಳದವರೆಗಿನ ತುಂಡು ದಾರ. ಅದರ ಉದ್ದವನ್ನು ನಾನು ಮನೆಯಲ್ಲಿ ಕೂತು ತೀರ್ಮಾನ ಮಾಡುವುದೇ ಇಲ್ಲ. ದಡಕ್ಕೆ ಹೋಗಿ, ಸೊಂಟದಾಳದ ನೀರಿನಲ್ಲಿ ತಳದ ಕಲ್ಲು ಕಾಣುತ್ತದಾ ನೋಡಿ, ಆಮೇಲೆ ಸಿಕ್ಕಿಸುತ್ತೇನೆ. ರಿಗ್ ಮಾತ್ರ ವರ್ಷಪೂರ್ತಿ ಹೆಚ್ಚುಕಡಿಮೆ ಒಂದೇ.

ಈ ಮೀನು ನಿಮಗೆ ಪೂರ್ತಿ ಹೊಸದೇನಲ್ಲ. ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್, ಬಾರ್ಬೆಲ್‌ಗೆ ದೂರದ ನೆಂಟ. ಎರಡಕ್ಕೂ ಎರಡೆರಡು ಜೊತೆ ಮೀಸೆ. ಎರಡಕ್ಕೂ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಗಾತ್ರದ ಲೆಕ್ಕ ಮಾತ್ರ ಮರೆತುಬಿಡಿ. ನಿಮ್ಮೂರಿನ ಹತ್ತಿರ ಕಾವೇರಿ ಸೇರುವ ಅದೇ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಇಲ್ಲಿ 10 ಪೌಂಡಿನ ಬಾರ್ಬೆಲ್ ಸಿಕ್ಕರೆ ಜನ ವರ್ಷವಿಡೀ ಅದೇ ಮಾತಾಡುತ್ತಾರೆ. ಇಂಗ್ಲೆಂಡಿನಲ್ಲಿ 21 ಪೌಂಡ್ ದಾಟಿದ್ದು ಬೆರಳೆಣಿಕೆ.

ಇನ್ನೊಂದು ಮಾತು. ಸೆವರ್ನ್‌ನ ಬಾರ್ಬೆಲ್ ಕೂಡ ನಮ್ಮ ಹಾಗೆ ಹೊರಗಿಂದ ಬಂದು ನೆಲೆಸಿದ್ದು. ಥೇಮ್ಸ್, ಟ್ರೆಂಟ್‌ನಂತಹ ಪೂರ್ವಕ್ಕೆ ಹರಿಯುವ ನದಿಗಳಲ್ಲಿ ಅದು ಮೊದಲಿಂದಲೂ ಇತ್ತು. ಒಂದು ಕಾಲಕ್ಕೆ ಆ ನದಿಗಳು ಯುರೋಪಿನ ರೈನ್ ಜೊತೆ ಕೂಡಿದ್ದವು. ಸೆವರ್ನ್‌ಗೆ ಮಾತ್ರ 1956ರಲ್ಲಿ ಕೆನೆಟ್ ನದಿಯಿಂದ 509 ಮೀನು ತಂದು ಬಿಟ್ಟರು. ಇವತ್ತು ನೀವು ಹಿಂದೆ ಬಿದ್ದಿರುವುದು ಅವುಗಳ ಮರಿಮಕ್ಕಳನ್ನು.

ಈಗ ಬಾಯಿಯ ವಿಷಯ. ಉಳಿದಿದ್ದೆಲ್ಲ ನಿಂತಿರುವುದು ಅದರ ಮೇಲೆ. ಬಾರ್ಬೆಲ್‌ನ ಬಾಯಿ ಮೂತಿಯ ಕೆಳಗಿದೆ. ತುಟಿ ದಪ್ಪ, ರಬ್ಬರಿನ ಹಾಗೆ. ಅದು ಕಚ್ಚುವುದಿಲ್ಲ. ತಳಕ್ಕೆ ಹೊಟ್ಟೆ ತಾಗಿಸಿಕೊಂಡು ಹರಿವಿಗೆ ಎದುರಾಗಿ ಬರುತ್ತದೆ, ಮೀಸೆಯಿಂದ ಸವರುತ್ತದೆ, ಇಷ್ಟವಾದರೆ ಕಲ್ಲುಮರಳಿನ ಸಮೇತ ಹೀರುತ್ತದೆ. ಬೇಡದ್ದನ್ನು ಉಗುಳುತ್ತದೆ. ದಿನವಿಡೀ ಇದೇ ಕೆಲಸ. ನಿಮ್ಮ ಗಾಳ ಅದರ ಬಾಯಲ್ಲಿ ಇರುವುದು ಆ ಹೀರುವಿಕೆಗೂ ಉಗುಳುವಿಕೆಗೂ ನಡುವೆ, ಒಂದೆರಡು ಗಳಿಗೆ. ಉಗುಳುವ ಮುಂಚೆ ಗಾಳ ತುಟಿಗೆ ತಗುಲಬೇಕು. ಹೀರುವ ಮುಂಚೆ ಮೀನಿಗೆ ಅನುಮಾನ ಬರಬಾರದು. ಮೊದಲನೆಯದಕ್ಕೆ ಗಿಡ್ಡ ದಾರ ಒಳ್ಳೆಯದು. ಎರಡನೆಯದಕ್ಕೆ ಉದ್ದ ದಾರ ಒಳ್ಳೆಯದು. ನಿಮ್ಮ ಆ ಇಬ್ಬರು ಗೆಳೆಯರು ಜಗಳ ಆಡುತ್ತಿರುವುದು ಇದಕ್ಕೇ.

ಅಂಗಡಿಯ ಹತ್ತು ರಿಗ್ ಅಲ್ಲೇ ನೇತಾಡಲಿ. ನಿಮಗೆ ಬೇಕಾದ್ದು ರನ್ನಿಂಗ್ ಲೆಡ್ಜರ್. ಮುಖ್ಯ ದಾರ 12 ಪೌಂಡಿನ ನೈಲಾನ್, ಅಂದರೆ ಅಷ್ಟು ಭಾರ ತಡೆಯುವಂಥದ್ದು. ಅದಕ್ಕೆ ಅಗಲ ಕಣ್ಣಿನ ಒಂದು ರಿಂಗ್ ಪೋಣಿಸಿ. ರಿಂಗ್‌ಗೆ ಕ್ಲಿಪ್, ಕ್ಲಿಪ್‌ಗೆ ಸೀಸ ಅಥವಾ ಫೀಡರ್. ಅದರ ಕೆಳಗೆ ರಬ್ಬರ್ ಮಣಿ, ಆಮೇಲೆ ಸ್ವಿವೆಲ್ (ಎರಡು ಕಣ್ಣಿನ ತಿರುಗುವ ಕೊಂಡಿ), ಸ್ವಿವೆಲ್‌ನ ಇನ್ನೊಂದು ಕಣ್ಣಿಗೆ ತುಂಡು ದಾರ. ಮುಗಿಯಿತು. ಊರಲ್ಲಿ ತೂತಿನ ಸೀಸದ ಗುಂಡು ಪೋಣಿಸಿ, ಅದು ಜಾರದ ಹಾಗೆ ಕೆಳಗೆ ಬೆಂಕಿಕಡ್ಡಿ ಚೂರು ಕಟ್ಟುತ್ತಿದ್ದೆವಲ್ಲ, ಅದೇ ಇದು. ಮೀನು ಎಳೆದಾಗ ದಾರ ರಿಂಗ್‌ನೊಳಗೆ ಜಾರುತ್ತದೆ, ಸೀಸ ತಳದಲ್ಲೇ ಕೂತಿರುತ್ತದೆ.

ಫೀಡರ್ ಅಂದರೆ ಕೈಬೆರಳು ಗಾತ್ರದ ಪ್ಲಾಸ್ಟಿಕ್ ಅಥವಾ ತಂತಿಯ ಬುಟ್ಟಿ. ಅದರೊಳಗೆ ಪುಡಿ ಪೆಲೆಟ್ (ಮೀನಿಗೆ ಹಾಕುವ ಗುಳಿಗೆಯಂಥ ಗಟ್ಟಿ ತಿನಿಸು), ಬೇಯಿಸಿದ ಹೆಂಪ್ ಬೀಜ. ಹೌದು, ಗಾಂಜಾ ಗಿಡದ ಜಾತಿಯದೇ ಬೀಜ, ಇಲ್ಲಿ ಡಬ್ಬಿಯಲ್ಲಿ ರಾಜಾರೋಷವಾಗಿ ಮಾರುತ್ತಾರೆ. ಬೇಯಿಸಿದರೆ ಸಿಪ್ಪೆ ಒಡೆದು ಬಿಳಿ ಮೊಳಕೆ ಇಣುಕುತ್ತದೆ. ಬಾರ್ಬೆಲ್‌ಗೆ ಅದು ನಮ್ಮ ಚುರುಮುರಿ ಇದ್ದ ಹಾಗೆ. ಒಂದು ಸಲ ತಿನ್ನಲು ಶುರು ಮಾಡಿದರೆ ಜಾಗ ಬಿಡುವುದಿಲ್ಲ.

ಬೋಲ್ಟ್ ರಿಗ್ ಅಂತಲೂ ಕೇಳಿರುತ್ತೀರಿ. ಬೋಲ್ಟ್ ರಿಗ್‌ನಲ್ಲಿ ಸೀಸ ಜಾರದೆ ಒಂದೇ ಕಡೆ ಸಿಕ್ಕಿಕೊಂಡಿರುತ್ತದೆ. ಮೀನು ಚುಚ್ಚಿಸಿಕೊಂಡು ಬೆದರಿ ಓಡಿದಾಗ ಸೀಸದ ಭಾರಕ್ಕೆ ಗಾಳ ಇನ್ನೂ ಒಳಗೆ ಹೋಗುತ್ತದೆ. ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಹೊಸಬರಿಗೆ ನಾನು ಕೊಡುವುದಿಲ್ಲ. ಕಾರಣ ನನ್ನದೇ ತಪ್ಪು.

ಇಲ್ಲಿಗೆ ಬಂದ ಮೊದಲ ವರ್ಷ ಒಂದು ಅಂಗಡಿಯಿಂದ ರೆಡಿಮೇಡ್ ರಿಗ್ ತಂದಿದ್ದೆ. ಫೀಡರ್ ಗಟ್ಟಿಯಾಗಿ ಕೂತಿತ್ತು, ಜಾರುತ್ತಿರಲಿಲ್ಲ. ಮುಖ್ಯ ದಾರ 6 ಪೌಂಡ್, ತುಂಡು ದಾರ 10. ಅಂದರೆ ತಿರುವುಮುರುವು. ಸಂಜೆ ಒಂದು ಒಳ್ಳೆಯ ಮೀನು ಹಿಡಿಯಿತು, ನೇರ ಆಲ್ಡರ್ ಮರದ ಬೇರಿಗೆ ನುಗ್ಗಿತು, ಮುಖ್ಯ ದಾರ ಮೇಲೆಲ್ಲೋ ಪಟ್ ಅಂತ ಹೋಯಿತು. ಹೋದರೆ ಹೋಗಲಿ ಅಂದುಕೊಂಡು ಮನೆಗೆ ಬಂದೆ. ನಾಲ್ಕು ದಿನ ಬಿಟ್ಟು ಹೋದಾಗ ಅದೇ ಬೇರಿನ ಹತ್ತಿರ ನನ್ನ ಹಸಿರು ಫೀಡರ್ ಸಿಕ್ಕಿಕೊಂಡಿತ್ತು. ಅದರಾಚೆ ಒಂದು ಅಡಿ ದಾರ. ದಾರದ ತುದಿಯಲ್ಲಿ ಹೊಟ್ಟೆ ಮೇಲಾದ ಮೀನು.

ಅವತ್ತಿನಿಂದ ಎರಡು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ತುಂಡು ದಾರ ಯಾವಾಗಲೂ ಮುಖ್ಯ ದಾರಕ್ಕಿಂತ ಒಂದು ಹಂತ ಕಡಿಮೆ ಬಲದ್ದಿರಬೇಕು. ಆಗ ಹರಿದರೂ ಗಾಳದ ಹತ್ತಿರವೇ ಹರಿಯುತ್ತದೆ, ಮೀನಿನ ಬಾಯಲ್ಲಿ ಗಾಳ ಮತ್ತು ಒಂದಿಷ್ಟು ದಾರ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಮುಳ್ಳಿಲ್ಲದ ಗಾಳವಾದರೆ ಅದನ್ನೂ ಬೇಗ ಕಳಚಿಕೊಳ್ಳುತ್ತದೆ. ಎರಡನೆಯದು, ಫೀಡರನ್ನು ಕ್ಲಿಪ್‌ಗೆ ನೇರ ಸಿಕ್ಕಿಸದೆ ನಡುವೆ 4 ಅಥವಾ 5 ಪೌಂಡಿನ ಮೂರಿಂಚು ದಾರ ಕಟ್ಟಿ. ಫೀಡರ್ ಕಲ್ಲಿಗೆ ಸಿಕ್ಕಿಕೊಂಡರೆ ಆ ತುಂಡು ಮಾತ್ರ ಹರಿಯಲಿ. ದಡದಲ್ಲೇ ಒಂದು ಪರೀಕ್ಷೆ ಮಾಡಿ: ಮುಖ್ಯ ದಾರವನ್ನು ಕೋಲಿನ ಹತ್ತಿರ ಕತ್ತರಿಸಿದರೆ ಸೀಸ ಜಾರಿ ಕೆಳಗೆ ಬೀಳುತ್ತದಾ? ಬೀಳದಿದ್ದರೆ ಆ ರಿಗ್ ನೀರಿಗೆ ಹಾಕಬೇಡಿ.

ಸೀಸದ ಬಗ್ಗೆ ಒಂದು ಕಾನೂನೂ ಇದೆ. ಹಂಸಗಳು ಸಣ್ಣ ಸೀಸದ ಗುಂಡು ನುಂಗಿ ಸಾಯುತ್ತಿದ್ದವು ಅಂತ 1987ರಲ್ಲಿ 0.06 ಗ್ರಾಂನಿಂದ 28.35 ಗ್ರಾಂವರೆಗಿನ, ಅಂದರೆ ಒಂದು ಔನ್ಸ್‌ವರೆಗಿನ ಸೀಸವನ್ನು ನಿಷೇಧಿಸಿದರು. ಅದಕ್ಕಿಂತ ದೊಡ್ಡದು ಪರವಾಗಿಲ್ಲ. ಸಣ್ಣದು ಬೇಕೆಂದರೆ ಟಂಗ್‌ಸ್ಟನ್ ಅಂಟು, ಮಕ್ಕಳ ಜೇಡಿಮಣ್ಣಿನ ಹಾಗೆ ಇರುತ್ತದೆ. ಅದನ್ನೊಂದು ಡಬ್ಬಿ ಇಟ್ಟುಕೊಳ್ಳಿ, ಈಗ ಬರುತ್ತೇನೆ ಅದರ ಹತ್ತಿರ.

ಉದ್ದದ ಮಾತಿಗೆ ಬರೋಣ. ನಾನು ಕಲಿತದ್ದು ಟೀಮ್ ನದಿಯಲ್ಲಿ, ಒಂದು ಜುಲೈ ಮಧ್ಯಾಹ್ನ. ಮೀನು ಹಿಡಿದು ಕಲಿತದ್ದಲ್ಲ, ನೋಡಿ ಕಲಿತದ್ದು. ಎತ್ತರದ ದಡ, ಕೆಳಗೆ ವಿಲೋ ಮರದ ನೆರಳು, ಮೂರಡಿ ನೀರು, ತಳದಲ್ಲಿ ಗೋಲಿ ಗಾತ್ರದ ನೊರಜು ಕಲ್ಲು ಒಂದೊಂದೂ ಎಣಿಸಬಹುದಿತ್ತು. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಹೊಟ್ಟೆ ಮೇಲೆ ಮಲಗಿದ್ದೆ. ಗೆಳೆಯನೊಬ್ಬ ಮೇಲಿನಿಂದ ಫೀಡರ್ ಹಾಕಿದ. ಎಂಟು ಇಂಚಿನ ತುಂಡು ದಾರ, ಗಾಳದಲ್ಲಿ ಒಂದು ಪೆಲೆಟ್. ಹತ್ತು ನಿಮಿಷದಲ್ಲಿ ನಾಲ್ಕು ಬಾರ್ಬೆಲ್ ಹರಿವಿನ ಕೆಳಗಿನಿಂದ ಬಂದವು. ಹೆಂಪ್ ಬೀಜ ಹರಿದು ಹೋಗಿದ್ದ ದಾರಿ ಹಿಡಿದು, ಒಂದರ ಹಿಂದೆ ಒಂದು, ಮೂತಿ ತಳಕ್ಕೆ ಊರಿಕೊಂಡು ತಿನ್ನುತ್ತಾ ಬಂದವು. ಫೀಡರ್ ಒಂದೂವರೆ ಅಡಿ ದೂರ ಇದೆ ಅನ್ನುವಾಗ ನಿಂತವು. ಬದಿಗೆ ಸರಿದವು. ಹಿಂದಕ್ಕೆ ತೇಲಿ ಹೋದವು. ಮತ್ತೆ ಕೆಳಗಿನಿಂದ ಶುರು. ಹೀಗೆ ಆರು ಏಳು ಸಲ. ಒಂದು ಸಲ ಒಂದು ಮೀನಿನ ಈಜುರೆಕ್ಕೆ ನೀರಿನಲ್ಲಿ ಮೇಲೆದ್ದ ದಾರಕ್ಕೆ ತಾಗಿತು ನೋಡಿ, ನಾಲ್ಕೂ ಬಾಣದ ಹಾಗೆ ಮಾಯ. ಅದೇ ಹೊತ್ತಿಗೆ ದಡದಲ್ಲಿದ್ದ ಗೆಳೆಯ ಕೂಗಿದ, ‘ಬೈಟ್ ಬಂತು, ತಪ್ಪಿಹೋಯಿತು!’

ಬೈಟ್ ಬಂದಿರಲೇ ಇಲ್ಲ.

ಒಂದು ಗಂಟೆ ಬಿಟ್ಟು ನಾಲ್ಕು ಅಡಿಯ ತುಂಡು ದಾರ ಹಾಕಿದ. ಮೀನು ಅದೇ ದಾರಿಯಲ್ಲಿ ಬಂತು. ಅದು ಹೆದರುವ ಜಾಗ ತಲುಪುವ ಮುಂಚೆಯೇ ಪೆಲೆಟ್ ಸಿಕ್ಕಿತು. ಮುಂದಿನದು ನಿಮಗೆ ಗೊತ್ತೇ ಇದೆ, ಕೋಲು ಬಾಗಿ ಅರ್ಧ ಚಂದ್ರ ಆಯಿತು.

ಹಾಗಾಗಿ ನೀರು ತಿಳಿಯಾಗಿದ್ದು ಕಡಿಮೆ ಇದ್ದರೆ ಮೂರರಿಂದ ಐದು ಅಡಿ. ಫೀಡರ್ ಮೇಲ್ಗಡೆ ಕೂರುತ್ತದೆ, ಹರಿವು ತಿನಿಸನ್ನು ಕೆಳಕ್ಕೆ ಒಯ್ಯುತ್ತದೆ, ಮೀನು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ನಿಮ್ಮ ಗಾಳ ಆ ದಾರಿಯ ನಡುವೆ ಇರಬೇಕು, ಫೀಡರ್ ಬುಡದಲ್ಲಲ್ಲ. ಟಂಗ್‌ಸ್ಟನ್ ಅಂಟನ್ನು ಕಾಳುಮೆಣಸಿನಷ್ಟು ಚಿವುಟಿ ತುಂಡು ದಾರದ ಮೇಲೆ ಎರಡು ಕಡೆ ಒತ್ತಿ. ದಾರ ತಳಕ್ಕೆ ಅಂಟಿಕೊಳ್ಳುತ್ತದೆ, ಮೀನಿನ ರೆಕ್ಕೆಗೆ ತಾಗುವುದಿಲ್ಲ.

ನೀರಿಗೆ ಸ್ವಲ್ಪ ಬಣ್ಣ ಬಂದಿದೆ, ಕಡಿಮೆ ಹಾಲು ಹಾಕಿದ ಟೀ ಹಾಗಿದೆ ಅಂದರೆ ಒಂದೂವರೆಯಿಂದ ಎರಡೂವರೆ ಅಡಿ. ಸೆವರ್ನ್ ವರ್ಷದಲ್ಲಿ ಬಹಳಷ್ಟು ದಿನ ಹೀಗೇ ಇರುತ್ತದೆ. ಏನೂ ತೋಚದಿದ್ದಾಗ ನಾನು ಹಾಕುವುದು ಎರಡು ಅಡಿ.

ಇನ್ನು ಪ್ರವಾಹ. ಟೀಮ್ ನೀರು ಏರಿದಾಗ ನೋಡಿದ್ದೀರಾ? ಕೆಂಪು ಮಣ್ಣಿನ ಸೀಮೆಯಿಂದ ಬರುವ ನದಿ, ಥೇಟ್ ನಮ್ಮ ಆಷಾಢದ ಹೊಸನೀರು. ಆ ಬಣ್ಣ ಕಂಡರೆ ನನಗಂತೂ ಊರೇ ನೆನಪಾಗುತ್ತದೆ. ಆ ನೀರಿನಲ್ಲಿ ಮೀನಿಗೆ ಕಣ್ಣು ಕೆಲಸಕ್ಕೆ ಬರುವುದಿಲ್ಲ. ಮೀಸೆ ಮತ್ತು ವಾಸನೆಯಿಂದಲೇ ಹುಡುಕುತ್ತದೆ. ವಾಸನೆ ಇರುವುದು ಫೀಡರ್‌ನಲ್ಲಿ. ಅಲ್ಲಿಂದ ನಾಲ್ಕು ಅಡಿ ಆಚೆ ಗಾಳ ಇಟ್ಟರೆ ಸುಮ್ನೆ ದಂಡ. ಜೊತೆಗೆ ಉದ್ದ ದಾರ ಸೆಳವಿಗೆ ಗಿರಗಿರ ತಿರುಗುತ್ತದೆ, ಕಸಕಡ್ಡಿ ಎಲೆ ಎಲ್ಲ ಸುತ್ತಿಕೊಳ್ಳುತ್ತದೆ. ಆರರಿಂದ ಹನ್ನೆರಡು ಇಂಚು ಸಾಕು. ಗಾಳಕ್ಕೆ ದೊಡ್ಡ ತಿನಿಸು, ಹೆಬ್ಬೆರಳಿನಷ್ಟು ಲಂಚನ್ ಮೀಟ್ (ಡಬ್ಬಿಯಲ್ಲಿ ಬರುವ ಮಾಂಸ) ತುಂಡು. ಮೂರು ನಾಲ್ಕು ಔನ್ಸಿನ ಸೀಸ. ದೂರಕ್ಕೆ ಎಸೆಯಲೇಬೇಡಿ. ಮೀನು ನಡುನೀರಿನ ರಭಸ ಬಿಟ್ಟು ದಡದ ಮಗ್ಗುಲಿಗೆ ಬಂದಿರುತ್ತದೆ, ನೀವು ನಿಂತ ಕಡೆಯಿಂದ ಎರಡು ಮಾರು ದೂರ. ನೀವು ಮಾತ್ರ ದಡದ ಅಂಚಿನಿಂದ ಹಿಂದೆ ಇರಿ. ಕೊರೆದ ಮಣ್ಣು ಯಾವಾಗ ಕುಸಿಯುತ್ತದೋ ಹೇಳಲಾಗದು.

ಮೀನು ಸಿಕ್ಕಮೇಲೂ ಅಳತೆ ಸರಿ ಮಾಡಿಕೊಳ್ಳುವ ಒಂದು ದಾರಿ ಇದೆ. ಗಾಳ ಎಲ್ಲಿ ತಗುಲಿದೆ ನೋಡಿ. ಗಂಟಲ ಹತ್ತಿರ ಒಳಗೆ ಹೋಗಿದ್ದರೆ ಮೀನಿಗೆ ಜಾಸ್ತಿ ಸಮಯ ಕೊಟ್ಟಿದ್ದೀರಿ, ದಾರ ಗಿಡ್ಡ ಮಾಡಿ. ತುಟಿಯ ತೀರಾ ಅಂಚಿನಲ್ಲಿ ಚರ್ಮಕ್ಕಷ್ಟೇ ಸಿಕ್ಕಿದ್ದರೆ ಮೀನು ಅನುಮಾನದಿಂದ ಮೂತಿ ತುದಿಯಲ್ಲಿ ಎತ್ತಿಕೊಂಡಿದೆ, ಉದ್ದ ಮಾಡಿ. ಕೆಳತುಟಿಯ ನಡುವೆ ಗಟ್ಟಿಯಾಗಿ ಕೂತಿದ್ದರೆ ಏನನ್ನೂ ಮುಟ್ಟಬೇಡಿ.

ಇದಕ್ಕಾಗಿ ಮನೆಯಲ್ಲೇ ಒಂದು ಅಡಿ, ಎರಡು ಅಡಿ, ನಾಲ್ಕು ಅಡಿಯವು ನಾಲ್ಕು ನಾಲ್ಕು ಕಟ್ಟಿಟ್ಟುಕೊಳ್ಳಿ. ಮಕ್ಕಳು ಈಜಲು ಹಿಡಿಯುವ ಫೋಮ್ ಕೊಳವೆ ಇರುತ್ತದಲ್ಲ, ಅದನ್ನು ಒಂದು ಗೇಣು ಕತ್ತರಿಸಿ, ದಾರ ಸುತ್ತಿ, ಗಾಳವನ್ನು ಫೋಮ್‌ಗೆ ಚುಚ್ಚಿಬಿಡಿ. ಸಿಕ್ಕುಗಟ್ಟುವುದಿಲ್ಲ. ಕತ್ತಲಲ್ಲಿ ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು ಗಂಟು ಹಾಕುವ ಕರ್ಮ ತಪ್ಪುತ್ತದೆ.

ಈಗ ನಿಮ್ಮ ತಟತಟ. ಅರ್ಧದಷ್ಟು ಆ ಟೀಮ್ ಕಥೆಯೇ, ಮೀನು ದಾರಕ್ಕೆ ತಾಗುವುದು. ಉಳಿದಿದ್ದರಲ್ಲಿ ಮುಕ್ಕಾಲು ಚಬ್ ಎಂಬ ಮೀನಿನ ಕೆಲಸ. ಬಾರ್ಬೆಲ್ ಇರುವಲ್ಲೆಲ್ಲ ಅದು ಇರುತ್ತದೆ. ಚಬ್ ತಿನಿಸನ್ನು ತುಟಿಯಲ್ಲಿ ಹಿಡಿದು ಎಳೆದಾಡುತ್ತದೆ, ತಟತಟ ಅನ್ನಿಸುತ್ತದೆ. ಬಾರ್ಬೆಲ್ ಹಾಗಲ್ಲ. ಗಾಳ ಚುಚ್ಚಿದ ತಕ್ಷಣ ತಿರುಗಿ ಕೆಳಕ್ಕೆ ಓಡುತ್ತದೆ, ಕೋಲೇ ಸ್ಟ್ಯಾಂಡ್ ಬಿಟ್ಟು ಹೋಗುವ ಹಾಗೆ ಎಳೆಯುತ್ತದೆ. ನನ್ನ ಒಂದು ಕೋಲು ಹಾಗೇ ಸೆವರ್ನ್ ಪಾಲಾಗಿದೆ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಆದ್ದರಿಂದ ರೀಲಿನ ಕ್ಲಚ್ ಸಡಿಲ ಇಟ್ಟು, ಕೋಲಿನ ಮೇಲೆ ಕೈ ಇಟ್ಟು ಕೂತಿರಿ. ತಟತಟಕ್ಕೆ ಎಳೆಯಬೇಡಿ. ಕೋಲು ಬಾಗಿ ಬಾಗಿದ ಹಾಗೇ ಇದ್ದರೆ ಎತ್ತಿ, ಅಷ್ಟೇ.

ಅಷ್ಟಾದರೂ ತಪ್ಪುತ್ತಿದ್ದರೆ ಹೇರ್ ನೋಡಿ. ಹೇರ್ ರಿಗ್ ಅಂದರೆ ತಿನಿಸು ಗಾಳಕ್ಕೆ ಚುಚ್ಚಿರುವುದಿಲ್ಲ, ಗಾಳದಿಂದ ಇಳಿಬಿದ್ದ ಎಳೆಯ ಮೇಲೆ ಇರುತ್ತದೆ. 1980ರ ಆಸುಪಾಸಿನಲ್ಲಿ ಕೆವಿನ್ ಮ್ಯಾಡಕ್ಸ್ ಮತ್ತು ಲೆನ್ನಿ ಮಿಡಲ್ಟನ್ ಎಂಬ ಇಬ್ಬರು ಕಾರ್ಪ್ ಮೀನಿಗಾಗಿ ಇದನ್ನು ಕಂಡುಹಿಡಿದರು. ಶುರುವಿನಲ್ಲಿ ನಿಜವಾದ ತಲೆಗೂದಲನ್ನೇ ಬಳಸಿದ್ದರು, ಹೆಸರು ಹಾಗೇ ಉಳಿಯಿತು. ಹೀರಿದಾಗ ತಿನಿಸು ಒಳಗೆ, ಅದರ ಹಿಂದೆ ಬರಿಮೈ ಗಾಳ. ಉಗುಳಿದಾಗ ತಿನಿಸು ಹೊರಗೆ ಹೋಗುತ್ತದೆ, ಗಾಳ ಕೆಳತುಟಿಗೆ ತಗುಲುತ್ತದೆ. ಬಾರ್ಬೆಲ್‌ನಂತಹ ಉಗುಳುವ ಮೀನಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಕಟ್ಟುವುದು ಹೀಗೆ. ದಾರದ ತುದಿಯಲ್ಲಿ ಸಣ್ಣ ಕುಣಿಕೆ ಮಾಡಿ. ಪೆಲೆಟ್‌ನ ತೂತಿನೊಳಗೆ ಸೂಜಿಯಿಂದ ಎಳೆದು, ಕುಣಿಕೆಗೆ ಪ್ಲಾಸ್ಟಿಕ್ ಚೂರು ಸಿಕ್ಕಿಸಿ, ಬೀಳದ ಹಾಗೆ. ದಾರದ ಇನ್ನೊಂದು ತುದಿಯನ್ನು ಗಾಳದ ಕಣ್ಣಿನ ಹಿಂಬದಿಯಿಂದ ತೂರಿಸಿ. ಪೆಲೆಟ್ ಗಾಳದ ಬಾಗಿನ ಕೆಳಗೆ ಎಷ್ಟು ಇಳಿಬೀಳಬೇಕೋ ಅಷ್ಟಕ್ಕೆ ಸರಿಮಾಡಿ ಬೆರಳಲ್ಲಿ ಅಮುಕಿ ಹಿಡಿಯಿರಿ. ಈಗ ಉದ್ದ ತುದಿಯನ್ನು ಗಾಳದ ಕಾಲಿಗೆ, ಹೇರ್ ಎಳೆಯ ಸಮೇತ, ಬಿಗಿಯಾಗಿ ಏಳು ಸುತ್ತು ಸುತ್ತಿ. ಮತ್ತೆ ಅದೇ ತುದಿಯನ್ನು ಕಣ್ಣಿನ ಹಿಂಬದಿಯಿಂದಲೇ ಮುಂದಕ್ಕೆ ತೂರಿಸಿ. ಎಂಜಲು ಹಚ್ಚಿ ನಿಧಾನ ಎಳೆಯಿರಿ. ಒಣ ದಾರ ಎಳೆದರೆ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಎರಡನೇ ಸಲವೂ ಹಿಂಬದಿಯಿಂದಲೇ ತೂರಿಸಬೇಕು, ಮರೆಯಬೇಡಿ. ಮುಂಬದಿಯಿಂದ ತೂರಿಸಿದರೆ ಗಾಳ ತಿರುಗುವುದೇ ಇಲ್ಲ. ನೋಡಲು ಎರಡೂ ಒಂದೇ ಥರ ಕಾಣುತ್ತದೆ, ಅದೇ ತೊಂದರೆ.

ಪೆಲೆಟ್‌ಗೂ ಗಾಳದ ಬಾಗಿಗೂ ನಡುವೆ ಮೂರು ನಾಲ್ಕು ಮಿಲಿಮೀಟರ್ ಸಾಕು. ಒಂದು ಇಂಚು ಬಿಟ್ಟಿರುವವರನ್ನು ನೋಡಿದ್ದೇನೆ. ಚಬ್ ಪೆಲೆಟ್ ಹಿಡಿದು ಆಟವಾಡುತ್ತದೆ, ಗಾಳ ಅದರ ಬಾಯಿಯ ಹತ್ತಿರವೂ ಹೋಗುವುದಿಲ್ಲ. ನಿಮ್ಮದೂ ಹಾಗೇ ಇರಬಹುದು ಅಂತ ನನ್ನ ಗುಮಾನಿ. ಗಾಳದ ನಂಬರ್ ಇಲ್ಲಿ ತಲೆಕೆಳಗು, ನಂಬರ್ ಜಾಸ್ತಿಯಾದಷ್ಟೂ ಗಾಳ ಸಣ್ಣದು. 8 ಮಿಲಿಮೀಟರ್ ಪೆಲೆಟ್‌ಗೆ 10 ಅಥವಾ 12ನೇ ನಂಬರ್, 14 ಮಿಲಿಮೀಟರ್‌ಗೆ 8, ದೊಡ್ಡ ಮಾಂಸದ ತುಂಡಿಗೆ 6. ಸಣ್ಣ ಹುಳು, ಮ್ಯಾಗಟ್ ಹಾಕುವುದಾದರೆ ಮಾತ್ರ 14, 16. ಪ್ರತಿ ಸಲ ಎಳೆದುಕೊಂಡಾಗ ಗಾಳದ ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆಯಿರಿ. ಜಾರಿದರೆ ಬಿಸಾಕಿ. ಗೆರೆ ಕೊರೆದು ನಿಂತರೆ ಸರಿ. ಕಲ್ಲಿನ ತಳ ಗಾಳವನ್ನು ಬೇಗ ಮೊಂಡು ಮಾಡುತ್ತದೆ.

ದಾರ ಯಾವುದು ಅನ್ನುವುದಕ್ಕೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ತಿಳಿನೀರಿಗೆ ಫ್ಲೋರೋಕಾರ್ಬನ್, 10 ಪೌಂಡ್. ಅದು ನೀರಿಗಿಂತ ಸುಮಾರು 1.78 ಪಟ್ಟು ಭಾರ, ನೈಲಾನ್ ಬರೀ 1.14 ಪಟ್ಟು. ಹಾಗಾಗಿ ತಾನೇ ಮುಳುಗಿ ತಳ ಹಿಡಿಯುತ್ತದೆ. ಬೆಳಕನ್ನು ಬಾಗಿಸುವುದರಲ್ಲೂ ನೈಲಾನ್‌ಗಿಂತ ನೀರಿಗೆ ಹತ್ತಿರ, ಅದಕ್ಕೇ ಕಡಿಮೆ ಕಾಣುತ್ತದೆ. ಆದರೆ ಸ್ವಲ್ಪ ಬಿರುಸು. ಆರು ಇಂಚಿನಷ್ಟು ಗಿಡ್ಡ ಮಾಡಿದರೆ ಕಡ್ಡಿ ಹಾಗೆ ನಿಲ್ಲುತ್ತದೆ, ತಿನಿಸು ಸಹಜವಾಗಿ ಬಾಯಿಗೆ ಹೋಗುವುದಿಲ್ಲ. ಗಿಡ್ಡ ದಾರಕ್ಕೆ ಮೆದುವಾದ ಹೆಣೆದ ದಾರ ಒಳ್ಳೆಯದು, 15 ಪೌಂಡಿನದು. ಆವಾಗ ಮುಖ್ಯ ದಾರವೂ ಅದಕ್ಕಿಂತ ಗಟ್ಟಿ ಇರಬೇಕು, ಮೊದಲು ಹೇಳಿದ್ದು ನೆನಪಿದೆಯಲ್ಲ. ಬೇರೆ ರೀಲಿನಲ್ಲಿ ಗಟ್ಟಿ ದಾರ ಇಲ್ಲದಿದ್ದರೆ 10 ಪೌಂಡಿನ ಮೆದು ನೈಲಾನ್ ಹಾಕಿ, ಮೀನಿಗೇನೂ ಬೇಸರವಿಲ್ಲ.

ಸೀಸದ ತೂಕ ಎಷ್ಟಿರಬೇಕು ಅಂತ ಕೇಳಲಿಲ್ಲ, ಆದರೂ ಹೇಳುತ್ತೇನೆ. ಅರ್ಧ ಜನ ಇಲ್ಲೇ ಎಡವುತ್ತಾರೆ. ತಳದಲ್ಲಿ ಕಷ್ಟಪಟ್ಟು ನಿಲ್ಲುವಷ್ಟೇ ಇರಲಿ. ಎಸೆದ ಮೇಲೆ ದಾರ ಬಿಗಿ ಎಳೆಯಬೇಡಿ. ಎರಡು ಮಾರು ದಾರ ಬಿಟ್ಟುಕೊಡಿ, ಹರಿವಿನಲ್ಲಿ ಬಿಲ್ಲಿನ ಹಾಗೆ ಬಾಗಲಿ. ಆ ಬಾಗಿನಿಂದ ದಾರ ಮೀನಿರುವ ಜಾಗದಲ್ಲಿ ತಗ್ಗಿ ಹೋಗುತ್ತದೆ. ಮೀನು ತಿನಿಸು ಎತ್ತಿದಾಗ ಸೀಸ ಅಲುಗುತ್ತದೆ, ಬಿಲ್ಲು ಬಿಚ್ಚಿಕೊಂಡು ನೀರೇ ಗಾಳವನ್ನು ಎಳೆದು ಕೂರಿಸುತ್ತದೆ. ಟೀಮ್‌ನಂತಹ ಸಣ್ಣ ನದಿಯಲ್ಲಿ ಹರಿವಿನ ಮೇಲ್ಗಡೆಗೆ ಎಸೆದು ನೋಡಿ. ಅಲ್ಲಿ ಬೈಟ್ ಬಂದರೆ ಕೋಲು ಬಾಗುವುದಿಲ್ಲ, ಬಾಗಿದ್ದ ತುದಿ ಇದ್ದಕ್ಕಿದ್ದಂತೆ ನೆಟ್ಟಗಾಗುತ್ತದೆ. ಆವಾಗ ಬೇಗ ಬೇಗ ಸುತ್ತಿ ಎತ್ತಬೇಕು. ಅಕ್ಟೋಬರ್ ಎಲೆ ಉದುರುವ ಕಾಲದಲ್ಲಿ ಮಾತ್ರ ಬಿಲ್ಲು ಗಿಲ್ಲು ಮರೆತು ಕೋಲನ್ನು ಆಕಾಶಕ್ಕೆ ಎತ್ತಿ ನಿಲ್ಲಿಸಿ, ದಾರ ನೀರಿನಲ್ಲಿ ಕಡಿಮೆ ಇದ್ದಷ್ಟೂ ಎಲೆ ಕಡಿಮೆ.

ಬಲೆಗೆ ಬಂದ ಮೀನನ್ನು ಕೂಡಲೇ ಮೇಲೆತ್ತಬೇಡಿ. ಬಾರ್ಬೆಲ್ ಉಸಿರು ನಿಲ್ಲುವ ತನಕ ಹೋರಾಡುವ ಮೀನು. ಬಲೆಯನ್ನು ನೀರಿನಲ್ಲೇ ಇಟ್ಟು, ಮೀನಿನ ತಲೆ ಹರಿವಿಗೆ ಎದುರಾಗಿ ಐದು ನಿಮಿಷ ಬಿಡಿ. ಗಾಳ ಬಿಡಿಸುವಾಗ ಬೆನ್ನಿನ ರೆಕ್ಕೆಯ ಮೊದಲ ಮುಳ್ಳು ಗರಗಸದ ಹಾಗಿದೆ, ಬಲೆಯ ಎಳೆಗೆ ಸಿಕ್ಕಿಕೊಳ್ಳುತ್ತದೆ, ಹುಷಾರು. ಬಿಡುವಾಗಲೂ ಹಾಗೇ ಎರಡೂ ಕೈಯಲ್ಲಿ ಹಿಡಿದಿರಿ. ತಾನಾಗಿ ಬಾಲ ಒದ್ದು ಹೋಗುವ ತನಕ ಕಾಯಿರಿ, ಹತ್ತು ನಿಮಿಷ ಆದರೂ ಸರಿ. ಬೇಸಿಗೆಯ ಬಿಸಿಗೆ ನೀರು 20 ಡಿಗ್ರಿ ದಾಟಿದರೆ ಅದರಲ್ಲಿ ಆಮ್ಲಜನಕ ಕಡಿಮೆ, ಅವತ್ತು ಹೋಗಲೇಬೇಡಿ. ಎಷ್ಟೋ ಕ್ಲಬ್‌ಗಳೇ ನಿಲ್ಲಿಸಿಬಿಡುತ್ತವೆ. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಯಲ್ಲಿ ಹೇಗೂ ರಜೆ.

ಮನೆಯವರಿಗೆ ಹೇಳಿ, ಸಾರಿನ ಆಸೆ ಬಿಡಲಿ ಅಂತ. ಇಂಗ್ಲೆಂಡಿನ ನದಿಗಳಲ್ಲಿ 20 ಸೆಂಟಿಮೀಟರ್ ಮೀರಿದ ಬಾರ್ಬೆಲ್ ಒಯ್ಯುವುದು ಕಾನೂನು ಪ್ರಕಾರ ತಪ್ಪು, ಬಹಳ ಕ್ಲಬ್‌ಗಳಲ್ಲಿ ಯಾವ ಮೀನನ್ನೂ ಒಯ್ಯುವಂತಿಲ್ಲ. ಅದರ ಮೊಟ್ಟೆಯಂತೂ ವಿಷ, ತಿಂದರೆ ವಾಂತಿ ಭೇದಿ.

ಕೊನೆಗೆ ರಾಗಿ. ನಡೆಯುತ್ತದೆ. ಕಾವೇರಿಗೆ ಮಹಶೀರ್ ಹುಡುಕಿಕೊಂಡು ಬಂದ ಇಂಗ್ಲಿಷರು ಅಲ್ಲಿ ರಾಗಿ ಉಂಡೆಯನ್ನೇ ಹಾಕುತ್ತಿದ್ದರು, ಅದೇನೂ ಗುಟ್ಟಲ್ಲ. ಇಲ್ಲಿ ಬರೀ ರಾಗಿ ಬೇಗ ಕರಗಿಹೋಗುತ್ತದೆ. ನಾನು ಅರ್ಧ ರಾಗಿ, ಅರ್ಧ ಪೆಲೆಟ್ ಪುಡಿ ಸೇರಿಸಿ ಮುದ್ದೆ ತೊಳಸಿ, ಆರಿದ ಮೇಲೆ ಹೇರ್‌ನಲ್ಲಿರುವ ಪೆಲೆಟ್ ಸುತ್ತ ನೆಲ್ಲಿಕಾಯಿ ಗಾತ್ರಕ್ಕೆ ಮೆತ್ತುತ್ತೇನೆ. ಹೊರಗಿನ ಮುದ್ದೆ ಕರಗುತ್ತಾ ವಾಸನೆ ಬಿಡುತ್ತದೆ, ಒಳಗಿನ ಪೆಲೆಟ್ ಉಳಿಯುತ್ತದೆ. ಎರಡು ಅಡಿ ತುಂಡು ದಾರಕ್ಕೆ, ಬಣ್ಣ ಬಂದ ನೀರಿಗೆ ಚೆನ್ನಾಗಿ ಹೊಂದುತ್ತದೆ. ಮೂರು ಸಂಜೆ ಹಾಕಿದ್ದೇನೆ. ಎರಡು ಬಾರ್ಬೆಲ್, ಹನ್ನೊಂದು ಚಬ್. ಚಬ್‌ಗೆ ನಮ್ಮ ಮುದ್ದೆ ಎಂದರೆ ಪ್ರಾಣ.